ಟಿ ಎಂದರೆ ಸ್ಟ್ರಿಂಗ್ ಅಲ್ಲ

ಪ್ರಶ್ನೆ: ಜಾವಾದಲ್ಲಿ ‘<ಟಿ ಎಕ್ಸ್‌ಟೆಂಡ್ಸ್ ಸ್ಟ್ರಿಂಗ್>’ ಎಂದು ಬರೆದು, ಟಿ (ಬಳಸುವಾಗ ತುಂಬುವ ಟೈಪ್‌ಗೆ ಇಟ್ಟ ಹೆಸರು) ಹಿಂದಿರುಗಿಸಬೇಕಾದ ಮೆಥಡ್‌ನಲ್ಲಿ ‘ನಮಸ್ಕಾರ’ ಎಂಬ ಸ್ಟ್ರಿಂಗ್ ಕೊಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ಸ್ಟ್ರಿಂಗ್ ಫೈನಲ್ ಕ್ಲಾಸ್. ಅದಕ್ಕೆ ಉಪವರ್ಗವೇ ಇಲ್ಲ. ಟಿ ಮತ್ತೇನಾಗಲು ಸಾಧ್ಯ?

ಉತ್ತರ: ಈ ಪ್ರಶ್ನೆ ಬಂದಾಗಲೆಲ್ಲ ‘ಟಿಗೆ ಕಾಸ್ಟ್ ಮಾಡಿ (ಇದು ಟಿಯೇ ಎಂದು ಕಂಪೈಲರ್‌ಗೆ ಒತ್ತಿ ಹೇಳಿ), ಅದರ ಎಚ್ಚರಿಕೆಯ ಬಾಯಿ ಮುಚ್ಚಿಸಿ’ ಎಂಬ ಯಾರದೋ ಸಲಹೆಯೂ ಜೊತೆಗೇ ಬರುತ್ತದೆ. ನನಗೆ ಸಿಟ್ಟು ಬರುವುದು ಪ್ರಶ್ನೆಯ ಮೇಲಲ್ಲ, ಆ ಸಲಹೆಯ ಮೇಲೆ.

ಟಿ ಆದದ್ದೆಲ್ಲ ಸ್ಟ್ರಿಂಗ್ ಎಂದಷ್ಟೇ ‘ಎಕ್ಸ್‌ಟೆಂಡ್ಸ್ ಸ್ಟ್ರಿಂಗ್’ ಎಂಬ ಮಿತಿ ಹೇಳುತ್ತದೆ. ಸ್ಟ್ರಿಂಗ್ ಆದದ್ದೆಲ್ಲ ಟಿ ಎಂದು ಅದು ಹೇಳುವುದಿಲ್ಲ. ಟಿ ಯಾವುದೆಂದು ತೀರ್ಮಾನಿಸುವವರು ಮೆಥಡ್ ಕರೆಯುವವರು, ಬರೆದ ನೀವಲ್ಲ. ಸ್ಟ್ರಿಂಗ್ ಫೈನಲ್ ಆಗಿರುವುದನ್ನು ಕಂಪೈಲರ್ ಈ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಹಿಡಿಯದಿರುವುದೇ ಸರಿ: ಕ್ಲಾಸ್ ಒಂದರ ಮೇಲಿನ ಫೈನಲ್ ಅನ್ನು ಅದರ ಕರ್ತೃ ನಾಳೆ ತೆಗೆದುಹಾಕಬಹುದು, ಹಾಗೆ ತೆಗೆದರೂ ಈಗಾಗಲೇ ಕಂಪೈಲ್ ಆದ ಕೋಡ್ ಕೆಡುವುದಿಲ್ಲ ಎಂದು ಜಾವಾ ಮಾತು ಕೊಟ್ಟಿದೆ.

ಸ್ಟ್ರಿಂಗ್‌ನಲ್ಲಿ ಆ ಕಾಸ್ಟ್ ಹಾನಿ ಮಾಡದೆ ಹೋಗಬಹುದು, ಆದರೆ ಕೈಗೆ ಅಂಟಿದ ಚಾಳಿ ಅಲ್ಲಿಗೇ ನಿಲ್ಲುವುದಿಲ್ಲ. ಸ್ಟ್ರಿಂಗ್ ಬದಲು ನಂಬರ್ (ಇಂಟಿಜರ್, ಡಬಲ್ ಎರಡೂ ಇದರ ಉಪವರ್ಗಗಳು) ಎಂದು ಬರೆದು, ಇಂಟಿಜರ್ 5 ಅನ್ನು ಟಿಗೆ ಕಾಸ್ಟ್ ಮಾಡಿ ಹಿಂದಿರುಗಿಸಿ ನೋಡಿ. ಕಂಪೈಲ್ ಆದ ಮೇಲೆ ಟಿ ಅಳಿದು ಬರೀ ನಂಬರ್ ಉಳಿಯುವುದರಿಂದ ಮೆಥಡ್ ತಣ್ಣಗೆ ಓಡುತ್ತದೆ. ಕರೆದವರು ಫಲಿತಾಂಶವನ್ನು ಡಬಲ್‌ಗೆ ಹಾಕಿಕೊಂಡಾಗ ಅವರ ಸಾಲಿನಲ್ಲಿ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಎಂಬ ದೋಷ ಸಿಡಿಯುತ್ತದೆ. ತಪ್ಪು ನಿಮ್ಮದು, ಪರದಾಟ ಅವರದು. ಇಂಥದ್ದೊಂದರ ಬೇರು ಹುಡುಕುತ್ತ ನಾನು ಇಡೀ ದಿನ ಕಳೆದಿದ್ದೇನೆ.

ಟಿ ಬಿಟ್ಟುಬಿಡಿ, ನೇರವಾಗಿ ಸ್ಟ್ರಿಂಗ್ ಎಂದೇ ಬರೆಯಿರಿ. ಸಿ ಶಾರ್ಪ್ ಸೀಲ್ಡ್ (ಅಲ್ಲಿನ ಫೈನಲ್) ಕ್ಲಾಸನ್ನು ಮಿತಿಯಾಗಿ ಇಡಲು ಬಿಡುವುದೇ ಇಲ್ಲ, ಕಾಟ್ಲಿನ್ ಎಚ್ಚರಿಸುತ್ತದೆ. ಜಾವಾ ಸುಮ್ಮನಿದೆ ಎಂದರೆ ಒಪ್ಪಿಗೆ ಕೊಟ್ಟಿದೆ ಎಂದಲ್ಲ.

ಪ್ರಶ್ನೆ: ಕ್ಲಾಸ್‌ಗಳನ್ನು ಫೈನಲ್ ಮಾಡಿದರೆ ಪ್ರೋಗ್ರಾಮ್ ವೇಗವಾಗುತ್ತದೆಯೇ?

ಉತ್ತರ: ಇಲ್ಲ. ಉಪವರ್ಗ ಲೋಡ್ ಆಗಿದೆಯೇ ಎಂಬುದನ್ನು ಜಾವಾ ಓಡಿಸುವ ಹಾಟ್‌ಸ್ಪಾಟ್ ತಾನೇ ನೋಡಿಕೊಳ್ಳುತ್ತದೆ, ಆಗಿರದಿದ್ದರೆ ಕ್ಲಾಸನ್ನು ಫೈನಲ್‌ನಂತೆಯೇ ನಡೆಸಿಕೊಳ್ಳುತ್ತದೆ. ಸಂದರ್ಶನದ ಟಿಪ್ಪಣಿ ಮಾರುವವರು ಹಬ್ಬಿಸಿದ ‘ಫೈನಲ್ ಎಂದರೆ ವೇಗ’ ಎಂಬ ಮಾತನ್ನು ನಂಬಬೇಡಿ.

ಪ್ರಶ್ನೆ: ಫೈನಲ್ ಕ್ಲಾಸಿನ ಆಬ್ಜೆಕ್ಟ್ ಬದಲಾಗುವುದಿಲ್ಲ, ಅಲ್ಲವೇ?

ಉತ್ತರ: ಸ್ಟ್ರಿಂಗ್‌ಬಿಲ್ಡರ್ ಕೂಡ ಫೈನಲ್ ಕ್ಲಾಸೇ. ಅದರ ಅಪೆಂಡ್ ಕರೆದು ನೋಡಿ, ಆಬ್ಜೆಕ್ಟ್ ಬದಲಾಗುತ್ತದೆ.