ಮಗ ಬದುಕಿದ್ದಾಗಲೇ ಬರೆದ ಚಿತ್ರ

ಧಾರವಾಡದ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ಜರ್ಮನಿಯ ಕಲಾವಿದೆ ಕೇಥೆ ಕೋಲ್ವಿಟ್ಜ್ ಅವರ “ಸತ್ತ ಮಗುವಿನೊಂದಿಗೆ ಹೆಂಗಸು” ಎಚಿಂಗ್ (ಲೋಹದ ತಗಡಿನಿಂದ ತೆಗೆದ ಅಚ್ಚುಚಿತ್ರ) ಹಾಕಿದ್ದೀರಿ. ನೋಡಿ ಹೆದರಿಕೆಯಾಯಿತು. ತಾಯಿ ಮಗುವನ್ನು ತಿನ್ನುವ ಹಾಗೆ ಕಾಣುತ್ತಾಳೆ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಸಂಕಟದಲ್ಲಿ ಬರೆದದ್ದು ಅಂತ ಆಮೇಲೆ ಯಾರೋ ಹೇಳಿದರು. ಅದನ್ನು ಚಿತ್ರದ ಕೆಳಗೆ ಹಾಕಬಾರದಿತ್ತೇ? ಇನ್ನೊಂದು ಮಾತು, ಆ ಮಗುವಿನ ಅಪ್ಪ ಎಲ್ಲಿ?’

ಸಂಪಾದಕರ ಉತ್ತರ:

ನಿಮಗೆ ಹೆದರಿಕೆಯಾದದ್ದರಲ್ಲಿ ತಪ್ಪೇನಿಲ್ಲ. ಕೇಥೆಯ ಆಪ್ತ ಗೆಳತಿಯೇ ಈ ಚಿತ್ರ ನೋಡಿ, ಕೇಥೆಯ ಮಗ ಪುಟ್ಟ ಪೀಟರ್‌ಗೆ ಏನಾದರೂ ಆಗಿಹೋಯಿತೇ ಅಂತ ಗಾಬರಿಯಾಗಿದ್ದರು.

ಪೀಟರ್‌ಗೆ ಏನೂ ಆಗಿರಲಿಲ್ಲ. ನೀವು ಹೇಳುವ ಸಾಲನ್ನು ನಾವು ಹಾಕದೆ ಇದ್ದದ್ದೂ ಅದಕ್ಕೇ. ಈ ಎಚಿಂಗ್ 1903ರದು. ಪೀಟರ್ ಬೆಲ್ಜಿಯಂನ ರಣರಂಗದಲ್ಲಿ ಸತ್ತದ್ದು 1914ರ ಅಕ್ಟೋಬರ್‌ನಲ್ಲಿ. ಇನ್ನೂ ವಿಚಿತ್ರ ಅಂದರೆ, ಚಿತ್ರದಲ್ಲಿರುವ ಸತ್ತ ಮಗು ಪೀಟರೇ. ಆಗ ಅವನಿಗೆ ಏಳು ವರ್ಷ. ಅವನನ್ನು ತೋಳಲ್ಲಿ ಹಿಡಿದು, ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡು ಕೇಥೆ ಬರೆದರು. ಆ ಶ್ರಮಕ್ಕೆ ನರಳಿದರಂತೆ. ‘ಸುಮ್ನಿರಮ್ಮ, ತುಂಬಾ ಚೆನ್ನಾಗಿ ಬರುತ್ತೆ’ ಅನ್ನುವ ಅರ್ಥದಲ್ಲಿ ಹುಡುಗನೇ ಸಮಾಧಾನ ಮಾಡಿದನಂತೆ. ಇದನ್ನು ಮುಂದೆ ಆಕೆಯೇ ಹೇಳಿಕೊಂಡಿದ್ದಾರೆ.

ಹಾಗಾದರೆ ಆ ಸಂಕಟ ಎಲ್ಲಿಂದ ಬಂತು? ಗಂಡ ಕಾರ್ಲ್ ಬರ್ಲಿನ್‌ನಲ್ಲಿ ಕೂಲಿಕಾರರ ಡಾಕ್ಟರು. ಬಡವರ ಮನೆಯ ಕಾಯಿಲೆ, ಸಾವು ಆಕೆಗೆ ದಿನದ ಮಾತು. ಅದಕ್ಕಿಂತ ಜಾಸ್ತಿ, ಬಾಲ್ಯದ ಒಂದು ನೆನಪಿತ್ತು ಅಂತ ನನಗೆ ಅನ್ನಿಸುತ್ತದೆ. ಪುಟ್ಟ ತಮ್ಮ ಬೆಂಜಮಿನ್ ಸಾಯುವ ಸ್ಥಿತಿಯಲ್ಲಿದ್ದ. ಅಮ್ಮ ಊಟದ ಮೇಜಿನ ಹತ್ತಿರ ಸೂಪ್ ಬಡಿಸುತ್ತಿದ್ದಾಗ ದಾದಿ ಬಾಗಿಲು ತೆರೆದು, ಮಗು ಮತ್ತೆ ವಾಂತಿ ಮಾಡಿತು ಅಂತ ಕೂಗಿದಳು. ಅಮ್ಮ ಒಂದು ಗಳಿಗೆ ಮರಗಟ್ಟಿ ನಿಂತು, ಮತ್ತೆ ಬಡಿಸತೊಡಗಿದರು. ಎಲ್ಲರೆದುರು ಅಳಬಾರದು ಅಂತ ಅಮ್ಮ ಬಿಗಿಹಿಡಿದದ್ದು ಕೇಥೆಯ ಮನಸ್ಸಲ್ಲಿ ಉಳಿದುಬಿಟ್ಟಿತು.

ಈಗ ಚಿತ್ರದ ತಾಯಿಯನ್ನು ಇನ್ನೊಮ್ಮೆ ನೋಡಿ. ಏನನ್ನೂ ಬಿಗಿಹಿಡಿದಿಲ್ಲ, ಅಲ್ವಾ? ಮೈಮೇಲೆ ಬಟ್ಟೆಯಿಲ್ಲ, ಕಾಲು ಮಡಚಿ ಕೂತಿದ್ದಾಳೆ, ಮುಖವನ್ನು ಮಗುವಿನ ಎದೆಗೆ ಒತ್ತಿದ್ದಾಳೆ. ಆ ದಪ್ಪ ಮೊಣಕಾಲು ನೋಡಿ, ಗೆರೆಯ ಮೇಲೆ ಗೆರೆ. ತಗಡಿನ ಮೇಲೆ ಸೂಜಿಯಲ್ಲಿ ಗೀರಿದ್ದು ಸಾಲದೆ ಸ್ಯಾಂಡ್‌ಪೇಪರ್ ಉಜ್ಜಿದ್ದಾರೆ. ಮೆತ್ತನೆಯ ಮೇಣದ ಮೇಲೆ ಕಾಗದ ಒತ್ತಿ, ಅದರ ಹೊರಮೈಯನ್ನೂ ಅಚ್ಚಿಗೆ ಇಳಿಸಿದ್ದಾರೆ. ಹಿಂದಕ್ಕೆ ಬಿದ್ದ ಮಗುವಿನ ಮುಖ ಮಾತ್ರ ನಯವಾಗಿ, ಬೆಳ್ಳಗೆ ಉಳಿದಿದೆ. ತಿನ್ನುವ ಹಾಗೆ ಕಾಣುತ್ತಾಳೆ ಅಂದಿರಿ. ಮತ್ತೆ ಹೊಟ್ಟೆಯೊಳಗೆ ಇಟ್ಟುಕೊಳ್ಳಲು ನೋಡುತ್ತಿದ್ದಾಳೆ ಅಂತ ನಾನು ಓದುತ್ತೇನೆ. ಚೆಂದದ ಚಿತ್ರವಲ್ಲ, ಒಪ್ಪಿದೆ. ಚೆಂದ ಮಾಡಿದ್ದರೆ ಸುಳ್ಳಾಗುತ್ತಿತ್ತು.

ನಿಜವಾದ ಸಾವು ಮನೆಗೆ ಬಂದಾಗ ಆಕೆಗೆ ಇಂಥದ್ದು ಬರೆಯಲು ಆಗಲಿಲ್ಲ. ಪೀಟರ್ ಇನ್ನೂ ಚಿಕ್ಕವನು, ಸೈನ್ಯ ಸೇರಲು ಅಪ್ಪನ ಒಪ್ಪಿಗೆ ಬೇಕಿತ್ತು. ಕಾರ್ಲ್ ಬೇಡ ಅಂದಿದ್ದರು. ಅವರನ್ನು ಒಪ್ಪಿಸಿದವರು ಕೇಥೆ. ಹದಿನೆಂಟಕ್ಕೆ ಅವನು ಹೋಗಿಬಿಟ್ಟ. ಮಗನಿಗೊಂದು ಸ್ಮಾರಕ ಮಾಡಬೇಕೆಂದು ಅದೇ ವರ್ಷ ಶುರು ಮಾಡಿದರು. ಅದು ಮುಗಿದು ಸ್ಥಾಪನೆಯಾದದ್ದು 1932ರಲ್ಲಿ.

ಅಪ್ಪ ಎಲ್ಲಿ ಅಂತ ಕೇಳಿದಿರಲ್ಲ, ಆ ಸ್ಮಾರಕದಲ್ಲಿ ಇದ್ದಾನೆ. ಕಲ್ಲಿನ ಅಪ್ಪ, ಅಮ್ಮ, ಬೇರೆ ಬೇರೆ ಪೀಠದ ಮೇಲೆ ಮಂಡಿಯೂರಿದ್ದಾರೆ. ಇಬ್ಬರೂ ತಂತಮ್ಮ ಮೈಯನ್ನೇ ತೋಳಲ್ಲಿ ಸುತ್ತಿಕೊಂಡಿದ್ದಾರೆ. ಮಗು ಇಲ್ಲ. ಈಗ ಆ ಸ್ಮಾರಕ ಬೆಲ್ಜಿಯಂನ ವ್ಲಾಡ್ಸ್‌ಲೋ ಸ್ಮಶಾನದಲ್ಲಿದೆ, ಪೀಟರ್‌ನ ಸಮಾಧಿ ಇರುವಲ್ಲೇ. ಮುಂದಿನ ಸಂಚಿಕೆಯಲ್ಲಿ ಅದರ ಫೋಟೋ ಹಾಕುತ್ತೇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೂ ಜಗಳ ಉಳಿದಿದ್ದರೆ ಖಂಡಿತ ಬರೆಯಿರಿ.