ಹಳೇ ವಾಚಿನ ಮೇಲಿನ ಅಕ್ಷರ ಅಳಿಸಬೇಡಿ

ಪ್ರಶ್ನೆ: ಸರ್, ನಮ್ಮ ಅಪ್ಪನ ಎಚ್‌ಎಂಟಿ ಜನತಾ ವಾಚು ಟ್ರಂಕಿನಲ್ಲಿ ಸಿಕ್ಕಿತು. ಕೀ ಕೊಟ್ಟರೆ ಈಗಲೂ ಓಡುತ್ತದೆ, ಡಯಲ್ ಮಾತ್ರ ಹಳದಿಯಾಗಿದೆ. ರಿಪೇರಿಯವರು ಹೊಸ ಡಯಲ್ ಹಾಕಿ ಪಾಲಿಶ್ ಮಾಡಿಕೊಡ್ತೀನಿ ಅಂತಾರೆ. ಮಾಡಿಸಲಾ? ಇದು ಅಸಲಿಯೋ ಅಲ್ಲವೋ ಅಂತ ತಿಳಿಯೋದು ಹೇಗೆ?
— ಶಿಕ್ಷಕಿ, ಮಾನ್ವಿ

ಉತ್ತರ: ಬೇಡಮ್ಮಾ, ದಯವಿಟ್ಟು ಬೇಡ. ಮಷೀನು ಬಿಚ್ಚಿಸಿ ತೊಳೆಸಿ, ಹೊಸ ಎಣ್ಣೆ ಹಾಕಿಸಿ. ನಮ್ಮ ಕಡೆ ಬಿಸಿಲು, ಧೂಳು ಎರಡೂ ಜಾಸ್ತಿ, ಟ್ರಂಕಿನಲ್ಲಿ ಇಷ್ಟು ವರ್ಷ ಬಿದ್ದಿದ್ದ ವಾಚಿನ ಎಣ್ಣೆ ಒಣಗಿ ಅಂಟಾಗಿರುತ್ತೆ, ಹಾಗೇ ಓಡಿಸಿದರೆ ಒಳಗಿನ ಚಕ್ರಗಳು ಸವೀತವೆ. ಗಾಜು ಗೀರಾಗಿದ್ದರೆ ಗಾಜು ಬದಲಿಸಿ. ಡಯಲ್ಲಿಗೂ ಹಿಂದಿನ ಮುಚ್ಚಳಕ್ಕೂ ಯಾರ ಕೈಯನ್ನೂ ಹಾಕಿಸಬೇಡಿ.

ಇದು ನನಗೇ ಆದ ನೋವು. ನಮ್ಮ ತಂದೆ ನಿವೃತ್ತರಾದಾಗ ಜೊತೆ ಕೆಲಸ ಮಾಡಿದವರು ದುಡ್ಡು ಕೂಡಿಸಿ ಒಂದು ವಾಚು ಕೊಟ್ಟಿದ್ದರು, ವಾಚಿನ ಹಿಂದಿನ ಮುಚ್ಚಳದ ಮೇಲೆ ತಂದೆಯ ಹೆಸರು, ತಾರೀಕು ಕೆತ್ತಿಸಿದ್ದರು. ಬಳ್ಳಾರಿಯ ಒಂದು ಅಂಗಡಿಯಲ್ಲಿ ಸ್ವಲ್ಪ ಸ್ವಚ್ಛ ಮಾಡಿಕೊಡಿ ಅಂತ ಕೊಟ್ಟೆ. ಸಂಜೆ ಹೋದಾಗ ಮುಚ್ಚಳ ಕನ್ನಡಿ ಥರ ಹೊಳೀತಿತ್ತು, ಹೆಸರು ಇರಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಕೊಂಬು, ಒಂದು ಒತ್ತಕ್ಷರದ ಬಾಲ, ತಾರೀಕಿನ ಒಂದು ಸೊನ್ನೆ ಕಾಣುತ್ತೆ, ಅಷ್ಟೇ. ಈಗಲೂ ಆ ವಾಚು ಹಿಡಿದಾಗ ನನ್ನ ಹೆಬ್ಬೆರಳು ಮೊದಲು ಅಲ್ಲಿಗೇ ಹೋಗುತ್ತೆ.

ಇನ್ನು ಅಸಲಿ ವಿಷಯ. ಡಯಲ್, ಮಷೀನು, ಕೇಸು (ಹೊರಗಿನ ಕವಚ) ಮೂರೂ ಒಂದೇ ಮಾತು ಹೇಳಬೇಕು. ಜನತಾ ಡಯಲ್ ಮೇಲೆ 17 ಜ್ಯುವೆಲ್ಸ್ (ಒಳಗಿನ ಹರಳುಗಳ ಲೆಕ್ಕ) ಅಂತಲೂ ಪ್ಯಾರಾಶಾಕ್ ಅಂತಲೂ ಇದೆಯಾ ನೋಡಿ. ಪ್ಯಾರಾಶಾಕ್ ಅಂದರೆ ವಾಚು ಕೆಳಗೆ ಬಿದ್ದಾಗ ಅತ್ತಿತ್ತ ತಿರುಗಿ ವೇಳೆ ಅಳೆಯುವ ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ತುದಿ ಮುರಿಯದ ಹಾಗೆ ಸ್ಪ್ರಿಂಗು ಕೊಟ್ಟು ಕಾಪಾಡುವ ಏರ್ಪಾಡು. ಈ ಹೆಸರು ಜಪಾನಿನ ಸಿಟಿಜನ್ ಕಂಪನಿಯದು. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾದದ್ದೇ ಸಿಟಿಜನ್ ಜೊತೆ ಸೇರಿ, ಅದಕ್ಕೇ ತೀರಾ ಮೊದಲಿನ ವಾಚುಗಳಲ್ಲಿ ಎರಡೂ ಹೆಸರು ಇರ್ತವೆ. ಮಷೀನಿನ ಮೇಲೂ ನಂಬರ್ ಒತ್ತಿರ್ತಾರೆ, ಜನತಾದಲ್ಲಿ ಹೆಚ್ಚಾಗಿ ಸಿಗೋದು 0231.

ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋದಕ್ಕೆ 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿತಲ್ವಾ, ಆಮೇಲೆ ಇವಕ್ಕೆ ಬೇಡಿಕೆ ಏರಿತು. ಹಳೇ ಮಷೀನಿಗೆ ಹೊಸದಾಗಿ ಅಚ್ಚು ಹಾಕಿದ ಡಯಲ್ ಕೂರಿಸಿ ಮಾರೋದು ಈಗ ಎಲ್ಲೆಲ್ಲೂ ಇದೆ. ಭೂತಗನ್ನಡಿ ಹಿಡಿದು ನೋಡಿ: ಅಕ್ಷರದ ಅಂಚು ಹರಡಿದ್ದರೆ, ನಿಮಿಷದ ಗೆರೆಗಳು ಒಂದಕ್ಕೊಂದು ಸಮ ಇಲ್ಲದಿದ್ದರೆ, ಆರರ ಕೆಳಗಿನ ಸಣ್ಣ ಅಕ್ಷರಗಳು ಕಾಣೆಯಾಗಿದ್ದರೆ ಅದು ಮರುಮುದ್ರಣ. ನಿಮ್ಮ ಹಳದಿ ಡಯಲ್ ಅದಕ್ಕಿಂತ ಸಾವಿರ ಪಾಲು ಮೇಲು.

ಮುಚ್ಚಳ ಬಿಚ್ಚಿದಾಗ ಅದರ ಒಳಮೈ ತೋರಿಸಿ ಅನ್ನಿ. ಸೂಜಿಯಲ್ಲಿ ಗೀರಿದ ಸಣ್ಣ ಬರಹ ಇರಬಹುದು. ರಿಪೇರಿ ಮಾಡಿದವರು ತಮ್ಮ ಗುರುತು, ತಾರೀಕು ಹಾಗೆ ಗೀರಿ ಇಡ್ತಿದ್ದರು. ನನ್ನ ಹತ್ತಿರದ ಒಂದು ಜನತಾದಲ್ಲಿ ಇಂಥವು ಐದಿವೆ, ಮೊದಲಿನದು 1974, ಕೊನೆಯದು 1998. ಮೂರು ಒಂದೇ ಕೈಯವು, ಏಳಕ್ಕೆ ಅಡ್ಡಗೆರೆ ಎಳೆಯುವ ಮನುಷ್ಯ. ಅವರ ಹೆಸರು ಗೊತ್ತಿಲ್ಲ, ಅಕ್ಷರ ಗುರುತಾಗಿದೆ.

ಪ್ರಶ್ನೆ: ಅಣ್ಣಾ, ಚಿಕ್ಕಪ್ಪ ಗಲ್ಫಿನಿಂದ ತಂದ ಸೈಕೊ 5 ವಾಚು ನನಗೆ ಕೊಟ್ಟಿದ್ದಾರೆ. ಹಿಂದೆ 7009 ಅಂತ ಶುರುವಾಗೋ ನಂಬರ್, ಇನ್ನೊಂದು ನಂಬರ್ 1N ಅಂತ ಶುರುವಾಗುತ್ತೆ. ಯಾವ ವರ್ಷದ್ದು?
— ಗಂಗಾವತಿ

ಉತ್ತರ: ತಮ್ಮಾ, 7009 ಅನ್ನೋದು ಮಷೀನಿನ ಜಾತಿ. ಎರಡನೇ ನಂಬರಿನ ಮೊದಲ ಅಂಕಿ ವರ್ಷದ ಕೊನೇ ಅಂಕಿ, ಅದರ ಪಕ್ಕದ್ದು ತಿಂಗಳು. ಒಂದರಿಂದ ಒಂಬತ್ತರವರೆಗೆ ಅಂಕಿ, ಆಮೇಲೆ ಅಕ್ಟೋಬರಿಗೆ ಓ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ಹಾಗಾಗಿ ನಿಮ್ಮದು ನವೆಂಬರ್ ತಿಂಗಳದ್ದು, ವರ್ಷ ಒಂದರಲ್ಲಿ ಮುಗಿಯುವಂಥದ್ದು. 1971ರಲ್ಲಿ ಈ ಮಷೀನೇ ಬಂದಿರಲಿಲ್ಲ. ಉಳಿದದ್ದು 1981 ಇಲ್ಲವೇ 1991. ಇಲ್ಲಿಂದ ಮುಂದೆ ಚಿಕ್ಕಪ್ಪನನ್ನೇ ಕೇಳಬೇಕು. 1984ರ ಹೊತ್ತಿಗೆ ಊರಿಗೆ ವಾಪಸ್ ಬಂದಿದ್ದರೆ ಅದು 1981ರದ್ದೇ. ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ವಾಚಿನ ಡಬ್ಬಿಯಲ್ಲಿ ಇಡಿ.

ಪ್ರಶ್ನೆ: ನಮ್ಮದು ಹಟ್ಟಿ. ಚಿನ್ನದ ಗಣಿಯ ಊರಿನವರಾಗಿ ಕೇಳ್ತಿದ್ದೇನೆ, 20 ಮೈಕ್ರಾನ್ ಅಂತ ಬರೆದಿರೋ ವಾಚು ಚಿನ್ನದ್ದಾ? 17 ಜ್ಯುವೆಲ್ ಅಂದರೆ ಹರಳು ಇರ್ತವಾ?

ಉತ್ತರ: ಅದು ಚಿನ್ನದ ಲೇಪ. 20 ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲು ದಪ್ಪ. ಗಟ್ಟಿ ಚಿನ್ನದ ಕೇಸಾಗಿದ್ದರೆ ಮುದ್ರೆಯಲ್ಲಿ 18 ಕ್ಯಾರಟ್‌ಗೆ 750, 14 ಕ್ಯಾರಟ್‌ಗೆ 585 ಅಂತ ಇರುತ್ತೆ. ಹರಳು ಇರೋದು ನಿಜ, ಆದರೆ ಅವು ಕಾರ್ಖಾನೆಯಲ್ಲಿ ಮಾಡಿದ ಕೆಂಪು ಹರಳು. ಚಕ್ರದ ಅಚ್ಚು ಉಜ್ಜಿ ಸವೆಯಬಾರದು ಅಂತ ಅದರ ತುದಿಗೆ ಕೂರಿಸ್ತಾರೆ. ಮಾರಿದರೆ ದುಡ್ಡು ಬರೋದಿಲ್ಲ, ವಾಚು ಐವತ್ತು ವರ್ಷ ಓಡೋದು ಅವುಗಳಿಂದ.

ಪ್ರಶ್ನೆ: ಅಜ್ಜನ ಸ್ವಿಸ್ ವಾಚು ರೇಡಿಯಂ ವಾಚು ಅಂತ ಮನೆಯಲ್ಲಿ ಹೇಳ್ತಾರೆ. ಈಗ ಕತ್ತಲಲ್ಲಿ ಹೊಳೆಯೋದಿಲ್ಲ. ಆ ಬಣ್ಣ ಕೆರೆದು ಹೊಸದು ಹಚ್ಚಿಸಬಹುದಾ?
— ಕುಷ್ಟಗಿ

ಉತ್ತರ: ಕೆರೆಯಬೇಡಿ! ನಮ್ಮಲ್ಲಿ ಹೊಳೆಯೋದಕ್ಕೆಲ್ಲಾ ರೇಡಿಯಂ ಅನ್ನೋದು ರೂಢಿ, ಗಾಡಿಗೆ ಅಂಟಿಸೋ ಸ್ಟಿಕ್ಕರಿಗೂ ಹಾಗೇ ಅಂತೀವಿ, ಅದರಲ್ಲಿ ರೇಡಿಯಂ ಇಲ್ಲ. ಹಳೇ ವಾಚಿನಲ್ಲಿ ಮಾತ್ರ ವಿಕಿರಣ ಸೂಸುವ ರೇಡಿಯಂ ನಿಜವಾಗಿಯೂ ಇರಬಹುದು. ಡಯಲಿನ ತಳದಲ್ಲಿ ಸ್ವಿಸ್ ಪದದ ಎರಡೂ ಪಕ್ಕ ಟಿ ಅಕ್ಷರ ಇದೆಯಾ ನೋಡಿ. ಇದ್ದರೆ ಅದು ಟ್ರಿಟಿಯಂ ಅನ್ನೋ ಇನ್ನೊಂದು ವಿಕಿರಣ ವಸ್ತು, ಸುಮಾರು 12 ವರ್ಷಕ್ಕೆ ಅರ್ಧ ಕಡಿಮೆಯಾಗ್ತಾ ಹೋಗುತ್ತೆ, ಈಗ ಬಹುಪಾಲು ಹೋಗಿರುತ್ತೆ. ಟಿ ಇಲ್ಲದೆ 1960ಕ್ಕೂ ಹಿಂದಿನ ವಾಚಾಗಿದ್ದರೆ ರೇಡಿಯಂ ಅಂತಲೇ ತಿಳಿಯಿರಿ. ಹೊಳಪು ಕೊಡೋ ಪುಡಿ ಸತ್ತಿದೆ, ರೇಡಿಯಂ ಸತ್ತಿಲ್ಲ, ಅದು ಅರ್ಧವಾಗೋಕೆ 1600 ವರ್ಷ ಬೇಕು. ಗಾಜು ತೆಗೆಸಬೇಡಿ, ಆ ಪುಡಿ ಉಸಿರಿನಲ್ಲಿ ಹೋಗಬಾರದು. ಮಕ್ಕಳ ಕೈಗೆ ಸಿಗದ ಹಾಗೆ, ಮಲಗೋ ಜಾಗದಿಂದ ದೂರ, ಬೀರುವಿನಲ್ಲಿ ಇಡಿ. ರಿಪೇರಿಗೆ ಕೊಡುವಾಗ ಅವರಿಗೂ ಮೊದಲೇ ಹೇಳಿ.