ಹಸುವಿನ ಪಾಲಿನ ನೀರು

ಮುಳಬಾಗಿಲು ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ನಲ್ಲಿ ನೀರನ್ನು ಕೊಟ್ಟಿಗೆಗೆ ಬಳಸಬಾರದೆಂದು ನಮ್ಮೂರ ನೀರು ಸಮಿತಿ ಕಟ್ಟಳೆ ಮಾಡಿದೆ. ತಪ್ಪಿದರೆ ದಂಡ. ನಮ್ಮ ಸಂಸಾರ ನಡೆಯುವುದೇ ಎರಡು ಹಸುಗಳ ಹಾಲಿನಿಂದ. ಇಂಥ ಸಮಿತಿಗಿಂತ ಸರ್ಕಾರವೇ ನೀರು ಬಿಡುವುದು ವಾಸಿಯಲ್ಲವೇ?”

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಲೆಕ್ಕ ಹುಟ್ಟಿದ್ದು ನಿಮ್ಮ ಸಮಿತಿಯಲ್ಲಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್, ಅಂದರೆ ನಮ್ಮ ‘ಮನೆ ಮನೆಗೆ ಗಂಗೆ’, ತಲೆಗೆ ದಿನಕ್ಕೆ 55 ಲೀಟರ್ ಎಂದು ಅಳೆಯುತ್ತದೆ. ಕೊಂಬಿರುವ ತಲೆ ಆ ಲೆಕ್ಕಕ್ಕಿಲ್ಲ. ನಾಲ್ವರ ಮನೆಗೆ 220 ಲೀಟರ್ ಬಂತೆನ್ನಿ. ಬೇಸಿಗೆಯಲ್ಲಿ ಕರೆಯುವ ಎರಡು ಸೀಮೆಹಸುಗಳು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕುಡಿದೇ ಮುಗಿಸುತ್ತವೆ. ಮೈ ತೊಳೆಯುವುದು ಬೇರೆ. ಹಿಂದಿನ ಕೇಂದ್ರ ಯೋಜನೆಯಲ್ಲಿ ತಲೆಗೆ 40 ಲೀಟರ್ ಇತ್ತು, ಮರುಭೂಮಿ ಪ್ರದೇಶಗಳಲ್ಲಿ ದನಕರುಗಳಿಗೆಂದು ಇನ್ನೂ 30 ಲೀಟರ್ ಸೇರಿಸುತ್ತಿದ್ದರು. ಕೋಲಾರ ಮರುಭೂಮಿಯಲ್ಲ, ಒಪ್ಪಿದೆ. ಸಾವಿರ ಅಡಿ ಕೊರೆದರೂ ಧೂಳೇ ಏಳುವ ಊರಿಗೆ ಏನು ಹೆಸರಿಡಬೇಕೋ!

ಹಾಗಿದ್ದೂ ಸಮಿತಿಯನ್ನು ಬಿಟ್ಟುಕೊಡಬೇಡಿ ಎನ್ನುತ್ತೇನೆ. ಈಚೆಗೆ ನಾನು ಹೋಗಿದ್ದ ಊರೊಂದರಲ್ಲಿ ವಾಟರ್‌ಮನ್ ವಾಲ್ವ್ ತಿರುಗಿಸುತ್ತಿದ್ದುದು ಬೆಳಿಗ್ಗೆ ಆರಕ್ಕೆ. ಡೇರಿಯಲ್ಲಿ ಹಾಲು ಅಳೆಯುವುದೂ ಆಗಲೇ. ಹೆಂಗಸರು ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದರಲ್ಲಿ ಬಿಂದಿಗೆ ಹಿಡಿದು ಓಡುತ್ತಿದ್ದರು. ಸಮಿತಿಯ ಅರ್ಧದಷ್ಟಾದರೂ ಸದಸ್ಯರು ಮಹಿಳೆಯರಿರಬೇಕೆಂಬ ನಿಯಮ ಅಲ್ಲಿ ಕಾಗದದಲ್ಲೇ ಉಳಿದಿರಲಿಲ್ಲ. ಅವರು ಪಟ್ಟು ಹಿಡಿದರು, ನೀರು ಎಂಟು ಗಂಟೆಗೆ ಬರತೊಡಗಿತು. ಜಿಲ್ಲಾ ಕಚೇರಿಗೆ ಅರ್ಜಿ ಕೊಟ್ಟಿದ್ದರೆ ಇಷ್ಟಕ್ಕೆ ಎಷ್ಟು ವರ್ಷ ಬೇಕಾಗುತ್ತಿತ್ತು, ಹೇಳಿ.

ಅಳತೆಯನ್ನೇ ಬದಲಿಸಿದವರೂ ಇದ್ದಾರೆ. 1972ರ ಬರದ ನಂತರ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ ವಿಲಾಸರಾವ್ ಸಾಳುಂಖೆ ಕಟ್ಟಿದ ಪಾಣಿ ಪಂಚಾಯತ್ತು ನೀರನ್ನು ಜಮೀನಿನ ಲೆಕ್ಕದಲ್ಲಿ ಹಂಚಲಿಲ್ಲ, ಮನೆಯ ಜನರ ಲೆಕ್ಕದಲ್ಲಿ ಹಂಚಿತು. ಭೂಮಿಯಿಲ್ಲದವನಿಗೂ ಪಾಲು. ಕಬ್ಬಿಗೆ ಮಾತ್ರ ಇಲ್ಲ. ಅದು ನೀರಾವರಿಯ ಮಾತು, ನಿಮ್ಮದು ನಲ್ಲಿಯದು. ಆದರೆ ಯಾರನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ಪ್ರಶ್ನೆ ಎರಡೂ ಕಡೆ ಒಂದೇ.

ನಿಮ್ಮೂರಿನಲ್ಲಿ ದನದ ತೊಟ್ಟಿಗೆ ಬೇರೆ ಪೈಪು ಎಳೆದು, ಹಸುವಿಗಿಷ್ಟು ಎಂದು ಶುಲ್ಕ ಕಟ್ಟಿಸಿಕೊಳ್ಳಬಹುದು. ಬರೀ ನಿಷೇಧ ಹೇರಿದರೆ ಕದ್ದು ನೀರು ಬಿಡುವವರು ಹೆಚ್ಚುತ್ತಾರೆ, ಅಷ್ಟೆ. ಊರಿನಲ್ಲಿ ಕರೆಯುವ ಹಸುಗಳೆಷ್ಟೆಂದು ಡೇರಿ ಕಾರ್ಯದರ್ಶಿಯನ್ನು ಕೇಳಿ ಬರೆದುಕೊಳ್ಳಿ. ಮುಂದಿನ ಗ್ರಾಮಸಭೆಗೆ ಆ ಚೀಟಿ ಒಯ್ಯಿರಿ, ದಂಡದ ರಸೀದಿಯನ್ನೂ.